ಮೊದಲ ಚಾಕು ಪುಕ್ಕಟೆ

ಆ ಮನೆಯಲ್ಲಿ ದುಡ್ಡು ಕೊಟ್ಟು ತಂದ ವಸ್ತು ಒಳಗೆ ಬರಬೇಕಾದರೆ ಮೊದಲು ಕಟಕಟೆಯಲ್ಲಿ ನಿಲ್ಲಬೇಕಿತ್ತು. “ಇದು ಬೇಕಾಗಿತ್ತಾ? ಹಳೇದಕ್ಕೆ ಏನು ರೋಗ ಬಂದಿತ್ತು? ಅವನು ಎಷ್ಟು ಹೇಳಿದ? ನೀನು ಎಷ್ಟಕ್ಕೆ ಕೇಳಿದೆ? ಏನು, ಕೇಳಲೇ ಇಲ್ವಾ!” ಮಗ ಒಮ್ಮೆ ಒಂದು ನೀರಿನ ಜಗ್ಗು ಕೊಂಡು ತಂದಿದ್ದ. ಅದರ ವಿಚಾರಣೆ ಹಿಡಿ ಮುರಿಯುವ ತನಕ ನಡೆಯಿತು. ಹಿಡಿ ಮುರಿದ ಮೇಲೆ “ನಾನು ಅವತ್ತೇ ಹೇಳಿರಲಿಲ್ವಾ” ಎಂಬ ಎರಡನೆಯ ಅಧ್ಯಾಯ ಶುರುವಾಯಿತು.

ಪುಕ್ಕಟೆ ಬಂದ ವಸ್ತುವಿನ ಯೋಗವೇ ಬೇರೆ. ಅದು ನೇರ ಮುಂದಿನ ಕೋಣೆಯ ಗೋಡೆಗೂಡಿಗೆ ಹೋಗಿ ಕೂರುತ್ತಿತ್ತು, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ಅಲ್ಲಿ ಬಣ್ಣದ ಕಂಪನಿಯವರು ಕೊಟ್ಟ, ಯಾರ ತಲೆಗೂ ಹಿಡಿಸದ ಟೋಪಿ ಇತ್ತು. ಅರ್ಧವೇ ಬಿಚ್ಚಿಕೊಳ್ಳುವ ಕೊಡೆ ಇತ್ತು. ಸೀಸೆಯೇ ಇಲ್ಲದ ಸೀಸೆಯ ಮುಚ್ಚಳಗಳಿದ್ದವು. ಊಟದ ಮೇಜಿನ ಮೇಲೆ ಹಾಸಿದ್ದ ಬಟ್ಟೆಯೂ ಹಾಗೇ ಬಂದದ್ದು. ಅದರ ತುಂಬ ಸೋಪಿನ ಜಾಹೀರಾತು. ಅನ್ನದ ತಟ್ಟೆ ಸರಿಸಿದರೆ ಕೆಳಗೆ ಒಬ್ಬ ಹೆಂಗಸು ನೊರೆ ಹಿಡಿದು ನಗುತ್ತಿದ್ದಳು.

ಇದೆಲ್ಲದರ ಒಡತಿಗೆ ತರಕಾರಿ ಮಾರುವವರು ಇಟ್ಟ ಹೆಸರು ಕೊಸರಮ್ಮ. ತಕ್ಕಡಿ ಕೆಳಗಿಳಿದ ಮೇಲೂ ಕೈ ಚಾಚಿ “ಮೇಲೆ ಒಂದು ಹಾಕು” ಎಂದು ಕೊಸರು ಕೇಳದೆ ಆಕೆ ಯಾವ ಅಂಗಡಿಯನ್ನೂ ಬಿಟ್ಟವಳಲ್ಲ. ಹೆಸರು ಕಿವಿಗೆ ಬಿದ್ದಾಗ ಆಕೆ ಸಿಟ್ಟಾಗಲಿಲ್ಲ. “ಹಂಗೆಂದ್ರೆ ನನ್ನ ಕೈಗೆ ಹೆದರ್ತಾರೆ ಅಂತ ಆಯ್ತು” ಎಂದು ಹಿಗ್ಗಿದಳು.

ಆಕೆಯ ಗಂಡ ಸಾಣೆಯವ. ಚಾಕು, ಕತ್ತರಿ, ಮಚ್ಚುಗಳಿಗೆ ಸಾಣೆ ಹಿಡಿಯುವುದು ಅವನ ಕಸುಬು. ಬೆಳಗಿನ ಟೀ ಕುಡಿದು, ಸಣ್ಣ ಕಲ್ಲು ಕೂರಿಸಿದ ಗಾಡಿಯನ್ನು ತಳ್ಳಿಕೊಂಡು ಬೀದಿಬೀದಿ ತಿರುಗುತ್ತಿದ್ದ. ದೊಡ್ಡ ಕಲ್ಲು ಹಿತ್ತಿಲಲ್ಲಿತ್ತು, ಕಾಲಿನಿಂದ ತುಳಿದು ತಿರುಗಿಸುವಂಥದು. ಬೀದಿಯಲ್ಲಿ ಅವನು ಕೂಗುತ್ತಿದ್ದದ್ದು ಒಂದೇ ಮಾತು: “ಮೊದಲ ಚಾಕು ಪುಕ್ಕಟೆ! ಮೊದಲ ಚಾಕು ಪುಕ್ಕಟೆ!”

ಅದೇನೂ ದಾನವಲ್ಲ. ಅಡುಗೆಮನೆಯ ಚಾಕುಗಳೆಲ್ಲ ಮೊಂಡಾಗಿರುವ ತನಕ ಯಾರಿಗೂ ತೊಂದರೆಯಿಲ್ಲ. ಮೊಂಡು ಚಾಕಿಗೆ ಕೈ ಒಗ್ಗಿ ಹೋಗಿರುತ್ತದೆ. ಅದರಲ್ಲಿ ಒಂದನ್ನು ಮಾತ್ರ ಹರಿತ ಮಾಡಿ ಕೊಟ್ಟು ನೋಡಿ. ಮಾರನೆಯ ದಿನವೇ ಉಳಿದವು ಕಸ ಅನ್ನಿಸತೊಡಗುತ್ತವೆ. ಮನೆಯಾಕೆ ಗಾಡಿಯ ದಾರಿ ಕಾಯುತ್ತಾಳೆ. ಈ ಉಪಾಯದಿಂದಲೇ ಸಾಣೆಯವ ಸಂಸಾರ ತೂಗಿಸಿದ್ದ. ಆದ್ದರಿಂದಲೇ ಲೋಕದಲ್ಲಿ ಯಾರು ಏನು ಪುಕ್ಕಟೆ ಕೊಟ್ಟರೂ ಅವನಿಗೆ ಮೈಯೆಲ್ಲ ಅನುಮಾನ. “ಕೊಡೋ ಕೈ ನೋಡಬೇಡ ಕಣೆ, ಬೆನ್ನ ಹಿಂದಿರೋ ಇನ್ನೊಂದು ಕೈ ನೋಡು” ಎಂದು ಹೆಂಡತಿಗೆ ಹೇಳಿ ಹೇಳಿ ಸಾಕಾಗಿದ್ದ. ಆಕೆಯ ಉತ್ತರ ಸಿದ್ಧವಿರುತ್ತಿತ್ತು: “ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸೋ ಜಾತಿ ನಿಮ್ಮದು.”

ಸೊಸೆ ಮೊದಲು ತಂದದ್ದು ಟೀ ಸೋಸುವ ಜಾಲರಿ.

ಹಳೆಯ ಜಾಲರಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಲೋಟದ ತಳದಲ್ಲಿ ಚರಟ ಕುಡಿದು ಕುಡಿದು ಎಲ್ಲರೂ ಉಗುಳುತ್ತಿದ್ದರು. ಒಂದು ಬೆಳಿಗ್ಗೆ ಟೀ ತಿಳಿಯಾಗಿ ಬಂತು.

“ಇದೇನು, ಹೊಸದು?” ಕೊಸರಮ್ಮನ ಕಣ್ಣು ಕಿರಿದಾಯಿತು.

“ಟೀ ಪುಡಿ ಜೊತೆ ಪುಕ್ಕಟೆ ಕೊಟ್ರು ಅತ್ತೆ.”

ಕಿರಿದಾದ ಕಣ್ಣು ಊರಗಲವಾಯಿತು. “ನೋಡಿ, ಕಲಿತಳು! ಬಂದ ಹೊಸದರಲ್ಲಿ ಅಂಗಡಿಯವನು ಹೇಳಿದ ಬೆಲೆ ಎಣಿಸಿ ಕೊಟ್ಟು ಬರ್ತಿದ್ದೋಳು.”

ಸೊಸೆ ಎಡಗೈಯಲ್ಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳು ಎಡಚಿ. ಮಾತು ಕಡಿಮೆ. ಆಡಿದರೆ ಎಲ್ಲಿ ಮುತ್ತು ಉದುರುತ್ತದೋ ಎಂಬಂತೆ ಬಾಯಿ ಬಿಗಿ ಹಿಡಿದುಕೊಂಡೇ ಇರುವವಳು. ಬೆಳಿಗ್ಗೆ ಮಾವ ಗಾಡಿ ತಳ್ಳಿಕೊಂಡು ಹೋದ ಮೇಲೆ, ಗಂಡ ಬಸ್ಸಿನ ಡ್ಯೂಟಿಗೆ ಹೋದ ಮೇಲೆ, ಅತ್ತೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಹಾಗೇ ಅಂಗಡಿ ಸಾಲು ಸುತ್ತಲು ಹೋದ ಮೇಲೆ ಅವಳು ಮನೆಯಲ್ಲಿ ಏನು ಮಾಡುತ್ತಾಳೆಂದು ಯಾರೂ ಕೇಳಿದವರಲ್ಲ. ಮಧ್ಯಾಹ್ನಕ್ಕೆ ಊಟ ಸಿದ್ಧವಿರುತ್ತಿತ್ತು, ಅಷ್ಟು ಸಾಕು.

ಜಾಲರಿಯನ್ನು ಸಾಣೆಯವ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಗಟ್ಟಿ ತಂತಿ, ಒಳ್ಳೆಯ ಹೆಣಿಗೆ. ಪುಕ್ಕಟೆ ಕೊಡುವವರು ಇಷ್ಟು ಒಳ್ಳೆಯದನ್ನು ಕೊಡುವುದಿಲ್ಲವಲ್ಲ, ಅಂದುಕೊಂಡ. ಅಂದುಕೊಂಡು ಟೀ ಕುಡಿದ.

ಆಮೇಲೆ ಬಂದದ್ದು ಬೂಟು, ಮೊಮ್ಮಗಳು ಗುಬ್ಬಿಯದು. ಹಳೆಯ ಬೂಟು ಬಿಗಿಯಾಗಿ ಆ ಮಗು ಬೆರಳು ಮಡಚಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತಿತ್ತು. “ತೊಗಲು ತಾನೇ, ಹಿಗ್ಗುತ್ತೆ” ಎಂದು ಕೊಸರಮ್ಮ ಎರಡು ಸಲ ಮುಂದೂಡಿದ್ದಳು. ಒಂದು ಸಂಜೆ ಗುಬ್ಬಿ ಟಕಟಕ ಸದ್ದು ಮಾಡುತ್ತಾ ಬಂತು.

“ಗುಬ್ಬಿಯ ಶಾಲೆಯ ಹತ್ರ ಒಬ್ಬರು ಸಿಕ್ಕಿದ್ರು. ಅವರ ಮಗಳಿಗೆ ಚಿಕ್ಕದಾಯ್ತಂತೆ, ಕೊಟ್ರು” ಎಂದಳು ಸೊಸೆ. ಕೊಸರಮ್ಮ ಬೂಟಿನ ಮೂಗು ಒತ್ತಿ ನೋಡಿ, “ಪಾಲಿಷ್ ಡಬ್ಬಿನೂ ಕೇಳಬೇಕಿತ್ತು” ಎಂದಳು.

ಮಗು ಬೂಟು ಬಿಚ್ಚಿಟ್ಟ ಮೇಲೆ ಸಾಣೆಯವ ಅದನ್ನು ಮಗುಚಿ ನೋಡಿದ. ಅಟ್ಟೆಯ ಗೆರೆಗಳು ಕತ್ತರಿಸಿಟ್ಟ ಹಾಗೆ ಚೂಪಾಗಿದ್ದವು. ಸವೆತ ನೋಡುವುದೇ ಕಸುಬಾದವನಿಗೆ ಅಷ್ಟು ಸಾಕು. ಈ ಬೂಟು ಗುಬ್ಬಿಯ ಕಾಲಿಗಿಂತ ಮೊದಲು ಇನ್ನೊಂದು ಕಾಲು ಕಂಡಿರಲಿಲ್ಲ.

“ಬೇರೆ ಮಗು ಹಾಕಿದ್ದಾ ಇದು?”

“ಒಂದೆರಡು ಸಲ ಹಾಕಿತ್ತಂತೆ, ಮಾವ.”

“ಹಾರಾಡಿಕೊಂಡು ಹಾಕಿತ್ತೋ?”

ಸೊಸೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಮಗ ತನ್ನ ಬಸ್ಸಿನ ಕಥೆ ತೆಗೆದ. ಅವನು ಕಂಡಕ್ಟರು, ದಿನಕ್ಕೊಂದು ಕಥೆ ಇಳಿಸದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. “ಇವತ್ತು ಒಬ್ಬ. ಕೈಯಲ್ಲಿ ಏನು ವಾಚು ಅಂತೀರಿ, ಆ ವಾಚಿನ ದುಡ್ಡಲ್ಲಿ ನಮ್ಮ ಬಸ್ಸಿಗೆ ಹೊಸ ಸೀಟು ಹಾಕಿಸಬಹುದು. ನಾನು ಹತ್ರ ಬರ್ತಿದ್ದ ಹಾಗೆ ನಿದ್ದೆ! ಗೊರಕೆ ಬೇರೆ. ಎಬ್ಬಿಸಿದೆ. ‘ಟಿಕೆಟ್ ಆಯ್ತಲ್ಲ’ ಅಂದ. ತೋರಿಸಿ ಅಂದೆ. ನೆನ್ನೆದು ತೋರಿಸಿದ.”

“ಪಾಪ, ಮರೆತಿರಬೇಕು” ಎಂದಳು ಕೊಸರಮ್ಮ.

“ಮರೆವಂತೆ! ಅಮ್ಮ, ಅವನಿಗೆ ದುಡ್ಡು ಉಳಿಸೋದು ಬೇಕಾಗಿಲ್ಲ, ಗೆಲ್ಲೋದು ಬೇಕು. ನನ್ನ ಕಣ್ಣು ತಪ್ಪಿಸಿ ಇಳಿದ ದಿನ ಅವನು ಮನೆಗೆ ಹೋಗಿ ಸಕ್ಕರೆ ಜಾಸ್ತಿ ಹಾಕಿಸ್ಕೊಂಡು ಟೀ ಕುಡೀತಾನೆ.”

“ಅದರಲ್ಲಿ ತಪ್ಪೇನಿದೆ?” ಕೊಸರಮ್ಮ ತಟ್ಟೆಗೆ ಎಲೆಕೋಸು ಬಡಿಸುತ್ತಾ ಅಂದಳು. “ಹುಟ್ಟಿದಾಗಿಂದ ಎಲ್ಲದಕ್ಕೂ ಬೆಲೆ ಕೊಟ್ಟೇ ಬದುಕಿದ್ದೀವಿ. ಯಾವತ್ತೋ ಒಂದು ದಿನ, ಏನೂ ಕೇಳದೆ ಯಾರೋ ಒಬ್ಬ ‘ತಗೋ’ ಅಂದ್ರೆ, ಲೋಕಕ್ಕೆ ನನ್ನ ನೆನಪಿದೆ ಅನ್ಸುತ್ತೆ. ನಿಮಗೆಲ್ಲ ಗೊತ್ತಾಗಲ್ಲ ಬಿಡಿ.”

ಸಾಣೆಯವ ಸೊಸೆಯ ಕಡೆ ನೋಡಿದ. ಅವಳು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಮುಂದಿನ ವಾರ ಬಂದದ್ದು ಕುಕ್ಕರು.

ಪೆಟ್ಟಿಗೆ ಸಮೇತ, ಹೊಳೆಹೊಳೆಯುವ, ಮನೆಮಂದಿಯ ಮುಖವೆಲ್ಲ ಅಗಲವಾಗಿ ಕಾಣಿಸುವ ಕುಕ್ಕರು. ಪಾತ್ರೆ ಅಂಗಡಿಗೆ ವರ್ಷ ತುಂಬಿತಂತೆ, ಚೀಟಿ ಎತ್ತಿದರಂತೆ, ಅದರಲ್ಲಿ ತನ್ನದು ಬಂತಂತೆ. ಸೊಸೆ ಒಂದೇ ಉಸಿರಿಗೆ ಹೇಳಿದಳು. ಅಷ್ಟುದ್ದ ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬೇಳೆ ಬೇಯಿಸಲು ತಳ ಸೀದ ಹಳೆಯ ಪಾತ್ರೆಯ ಮುಂದೆ ಅವಳು ಎಷ್ಟು ಹೊತ್ತು ನಿಲ್ಲುತ್ತಿದ್ದಳೆಂಬುದನ್ನೂ ಯಾರೂ ಗಮನಿಸಿರಲಿಲ್ಲ.

ಕೊಸರಮ್ಮ ಕುಕ್ಕರನ್ನು ಅಡುಗೆಮನೆಗೆ ಬಿಡಲಿಲ್ಲ. ಗೋಡೆಗೂಡಿನಲ್ಲಿ ಟೋಪಿಯನ್ನು ಪಕ್ಕಕ್ಕೆ ಸರಿಸಿ, ನಡುವೆ ಅದನ್ನು ಕೂರಿಸಿದಳು. “ಇಷ್ಟು ದೊಡ್ಡದು ಪುಕ್ಕಟೆ ಬಂದಿದೆ, ಹೊಗೆ ಹಿಡಿಸ್ತೀರಾ?” ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋದರು. ಸೊಸೆ ಮತ್ತೆ ತಳ ಸೀದ ಪಾತ್ರೆಯ ಮುಂದೆಯೇ ನಿಂತಳು.

ಸಾಣೆಯವನಿಗೆ ತಡೆದುಕೊಳ್ಳಲಾಗಲಿಲ್ಲ. ಊಟದ ಹೊತ್ತಿಗೆ, ಮಗನಿಗೆ ಕೇಳುವ ಹಾಗೆ, ಯಾರಿಗೂ ಹೇಳದವನಂತೆ ಅಂದ: “ಮೊದಲು ಜಾಲರಿ, ಆಮೇಲೆ ಬೂಟು, ಈಗ ಕುಕ್ಕರು. ಕೊಡೋನು ಯಾರೋ ಹದವಾಗಿ ಏರಿಸ್ತಾ ಇದ್ದಾನೆ. ನಾನೂ ಹಾಗೇ ಅಲ್ವಾ, ಮೊದಲ ಚಾಕು ಪುಕ್ಕಟೆ ಅನ್ನೋದು.”

ಮಗನ ಕೈ ತಟ್ಟೆಯಲ್ಲೇ ನಿಂತಿತು. “ಯಾರು ಕೊಡೋನು?”

“ನನಗೇನು ಗೊತ್ತು. ಅಂಗಡಿ ಅಂತಾಳಲ್ಲ.”

ಮಾತು ಬಾಯಿ ಬಿಟ್ಟ ಮೇಲೆ ಸಾಣೆಯವನಿಗೆ ಅದರ ಅಲುಗು ಎಷ್ಟು ಹರಿತವಾಗಿತ್ತೆಂದು ತಿಳಿಯಿತು. ಆದರೆ ಅಷ್ಟರಲ್ಲಿ ಅದು ಹೋಗಿ ತಾಕಿತ್ತು.

ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ, ಕೊಸರಮ್ಮ ಸುಮ್ಮನಿದ್ದಿದ್ದರೆ. ಆಕೆ ಹೇಗೆ ಸುಮ್ಮನಿದ್ದಾಳು? ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವಳು. ಮಾರನೆಯ ಬೆಳಿಗ್ಗೆ ಗುಬ್ಬಿಯನ್ನು ಶಾಲೆಗೆ ಬಿಟ್ಟು ನೇರ ಪಾತ್ರೆ ಅಂಗಡಿಗೆ ಹೋಗಿ ನಿಂತಳು. ಸೊಸೆಗೊಂದು ಬಂದಿದೆ, ತನಗೂ ಒಂದು ಚೀಟಿ ಎತ್ತಲಿ ಎಂದು.

ವಾಪಸು ಬಂದಾಗ ಆಕೆಯ ಚಪ್ಪಲಿ ಒಂದು ಮೆಟ್ಟಿಲಲ್ಲಿ, ಇನ್ನೊಂದು ಬೀದಿಯಲ್ಲಿ. ಸಾಣೆಯವ ಆಗಷ್ಟೇ ಊಟಕ್ಕೆ ಬಂದು ಗಾಡಿ ನಿಲ್ಲಿಸುತ್ತಿದ್ದ. ಮಗನಿಗೆ ಅವತ್ತು ರಜೆ.

“ಚೀಟಿನೂ ಇಲ್ಲ, ಗೀಟಿನೂ ಇಲ್ಲ! ಅಂಗಡಿಯವನು ನಕ್ಕುಬಿಟ್ಟ. ‘ಯಾರಿಗೂ ಪುಕ್ಕಟೆ ಕೊಟ್ಟಿಲ್ಲ ತಾಯಿ, ನಿಮ್ಮ ಸೊಸೆ ದುಡ್ಡು ಕೊಟ್ಟು ತಗೊಂಡು ಹೋದ್ರು’ ಅಂದ. ಜನ ನೋಡ್ತಾ ಇದ್ರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು!”

ಮಗ ಹೆಂಡತಿಯ ಕಡೆ ತಿರುಗಿದ. “ಹೌದಾ?”

ಸೊಸೆ ತೊಳೆಯುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಹೌದು.”

“ದುಡ್ಡು ಎಲ್ಲಿಂದ ಬಂತು?”

ಅವಳು ಮಾವನ ಕಡೆ ಒಮ್ಮೆ ನೋಡಿದಳು. ಕಣ್ಣು ಕೆಳಗೆ ಹಾಕಿದಳು.

“ಕೇಳ್ತಾ ಇದ್ದೀನಿ. ನಾನು ಕೊಟ್ಟಿಲ್ಲ, ಅಮ್ಮ ಕೊಟ್ಟಿಲ್ಲ. ಯಾರು ಕೊಟ್ರು?”

“ಯಾರೂ ಕೊಟ್ಟಿಲ್ಲ.”

“ಆಕಾಶದಿಂದ ಉದುರಿತಾ?” ಎಂದಳು ಕೊಸರಮ್ಮ. “ಹೇಳ್ಬಿಡಮ್ಮ, ನಮ್ಮನೇಲೇನು ಹುಲಿ ಕರಡಿ ಇದ್ದಾವಾ?”

ಸೊಸೆ ಕೆಳಗಿಟ್ಟ ತಟ್ಟೆಯನ್ನೇ ಮತ್ತೆ ಎತ್ತಿ ತೊಳೆಯತೊಡಗಿದಳು. ಮಗ ಅಂಗಿ ಹಾಕಿಕೊಂಡು ಊಟ ಬಿಟ್ಟು ಹೊರಗೆ ಹೋದ.

ಅವತ್ತಿನಿಂದ ಮನೆಯ ಸದ್ದೇ ಬದಲಾಯಿತು. ಕಂಡಕ್ಟರ್ ಕಥೆ ಇಳಿಸುವುದನ್ನು ನಿಲ್ಲಿಸಿದ. ಬ್ರೆಡ್ಡು ಮುರಿದು, ಮೊಟ್ಟೆ ಸುಲಿದು, ಗೋಡೆ ನೋಡಿಕೊಂಡು ತಿಂದು ಎದ್ದು ಹೋಗುತ್ತಿದ್ದ. ಒಂದು ಸಂಜೆ ಹೆಂಡತಿ ನೀರಿಗೆ ಹೋದಾಗ ಅವಳ ಚೀಲವನ್ನು ತಡಕಿದ; ಅವಳು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಸೊಸೆ ತನ್ನ ಹಾಸಿಗೆಯನ್ನು ಗುಬ್ಬಿಯ ಮಂಚದ ಪಕ್ಕಕ್ಕೆ ಹಾಕಿಕೊಂಡಳು. ಆಮೇಲೊಂದು ದಿನ ಗುಬ್ಬಿ ತಾತನ ಕಿವಿಯಲ್ಲಿ ಹೇಳಿತು: “ತಾತ, ಅಮ್ಮ ನನ್ನ ಬಟ್ಟೆ ಎಲ್ಲಾ ಮಡಚಿ ಪೆಟ್ಟಿಗೆಗೆ ಹಾಕ್ತಿದ್ದಾಳೆ. ಶನಿವಾರ ಅಮ್ಮನ ಊರಿಗೆ ಹೋಗ್ತೀವಂತೆ. ಶಾಲೆ ಅಲ್ಲೇ ಅಂತೆ. ನಿಜವಾ?”

ತಾನು ಎಸೆದ ಒಂದು ಮಾತು ಮಗನ ಸಂಸಾರವನ್ನೇ ಎರಡಾಗಿ ಸೀಳುತ್ತಿದೆ. ಹೊಗೆ ಎಬ್ಬಿಸಿದವನು ತಾನು. ಬೆಂಕಿ ಇದೆಯೋ ಇಲ್ಲವೋ ನೋಡಿದವರು ಯಾರೂ ಇಲ್ಲ.

ಶನಿವಾರಕ್ಕೆ ಮೊದಲು ಕಟುಕನ ಅಂಗಡಿಯಿಂದ ಒಂದು ದೊಡ್ಡ ಮಚ್ಚು ಬಂತು. ಗಾಡಿಯ ಸಣ್ಣ ಕಲ್ಲಿಗೆ ಬಗ್ಗುವಂಥದಲ್ಲ. ಸಾಣೆಯವ ಬಹಳ ದಿನಗಳ ಮೇಲೆ ಹಿತ್ತಿಲಿನ ದೊಡ್ಡ ಕಲ್ಲಿನ ಮುಂದೆ ಹೋಗಿ ಕೂತ. ಕೂತವನಿಗೆ ಮೊದಲು ಅನ್ನಿಸಿದ್ದು, ಕೂರುವ ಮಣೆ ತಗ್ಗಾಗಿದೆ ಎಂದು. ನೀರು ತೊಟ್ಟಿಕ್ಕುವ ಡಬ್ಬಿಗೆ ಕೈ ಚಾಚಿದ. ಅದು ಇರಬೇಕಾದಲ್ಲಿ ಇರಲಿಲ್ಲ. ಆಚೆ ಬದಿಯ ಮೊಳೆಗೆ ತೂಗುತ್ತಿತ್ತು. ಕಲ್ಲನ್ನು ಒಂದು ಸುತ್ತು ತಿರುಗಿಸಿ ಬೆರಳಿಟ್ಟ. ತನ್ನ ಕೈ ಒತ್ತಿ ಒತ್ತಿ ಸವೆಸಿದ್ದ ಬಲ ಅಂಚು ಹಾಗೇ ಇತ್ತು, ಮೇಲೆ ಧೂಳು. ಎಡ ಅಂಚಿನಲ್ಲಿ ಮಾತ್ರ ಹೊಸದಾಗಿ ಒಂದು ನುಣುಪಾದ ತಗ್ಗು.

ಎಡಗೈಯವರು ಕೂತು ಸವೆಸಿದ ಕಲ್ಲು.

ಸಾಣೆಯವ ಮಚ್ಚನ್ನು ಕೆಳಗಿಟ್ಟ. ಅಡುಗೆಮನೆಯ ಕಿಟಕಿ ಹಿತ್ತಿಲಿಗೇ ತೆರೆಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆ ಕಿಟಕಿಯಿಂದ ನೋಡುತ್ತಾ ನಿಂತಿದ್ದ ಸೊಸೆ ಒಮ್ಮೆ ಕೇಳಿದ್ದಳು, “ಮಾವ, ನಾನೂ ಹಿಡಿದು ನೋಡಲಾ?” ತಾನು ನಕ್ಕಿದ್ದ. “ಎಡಗೈಯಲ್ಲಿ ಸಾಣೆನಾ? ಕಲ್ಲು ನಗುತ್ತೆ, ಹೋಗಮ್ಮ.”

ಅವನು ಮಚ್ಚಿನ ಕೆಲಸ ಬಿಟ್ಟು, ಗಾಡಿಯನ್ನೂ ಬಿಟ್ಟು, ದರ್ಜಿಗಳ ಓಣಿಗೆ ನಡೆದ. ಒಂದು ಕಾಲಕ್ಕೆ ಆ ಓಣಿಯ ಕತ್ತರಿಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಕೈ ನಡುಗಲು ಶುರುವಾದ ಮೇಲೆ ಒಂದೊಂದಾಗಿ ನಿಂತವು. ಕಾರಣ ಅವನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮೊದಲ ಅಂಗಡಿಯ ಹಿರಿಯ ದರ್ಜಿ ಅವನನ್ನು ಕಂಡದ್ದೇ ಎದ್ದು ನಿಂತ.

“ಬನ್ನಿ ಬನ್ನಿ! ಹೇಳಿದ್ರೆ ತಪ್ಪು ತಿಳೀಬೇಡಿ, ನಡುವೆ ನಿಮ್ಮ ಕೈ ಸ್ವಲ್ಪ ತಪ್ಪಿತ್ತು. ಈಗ ನೋಡಿ, ಬೆಣ್ಣೇಲಿ ಹೋದ ಹಾಗೆ ಹೋಗುತ್ತೆ ಕತ್ತರಿ. ವಯಸ್ಸಾದ ಮೇಲೆ ಕೈ ಪಳಗೋದು ನಿಮ್ಮದೊಂದೇ ನೋಡಿದ್ದು.”

“ಯಾರು ತಂದುಕೊಟ್ರು ಕತ್ತರಿ?”

“ನಿಮ್ಮ ಸೊಸೇನೇ. ‘ಮಾವ ಹಿಡಿದಿದ್ದು, ನೋಡಿ’ ಅಂತ ಮೊದಲ ಕತ್ತರಿ ಪುಕ್ಕಟೆ ಕೊಟ್ಟು ಹೋದ್ರು. ಮಾರನೇ ದಿನ ಓಣಿಯವರೆಲ್ಲ ಕೊಟ್ವಿ. ಉಪಾಯ ನಿಮ್ಮದೇ ಅಲ್ವಾ!” ದರ್ಜಿ ಕಣ್ಣು ಮಿಟುಕಿಸಿದ.

ಸಾಣೆಯವ ಒಂದು ಕತ್ತರಿ ಎತ್ತಿ ಬೆಳಕಿಗೆ ಹಿಡಿದ. ಅಲುಗಿನ ಹೊರಮುಖ ಒಂದೇ ಓಟಕ್ಕೆ ಹಿಡಿದ ಹಾಗಿತ್ತು. ಒಳಮುಖವನ್ನು ಮುಟ್ಟಿರಲಿಲ್ಲ; ಮುಟ್ಟಲೂಬಾರದು, ಮುಟ್ಟಿದರೆ ಎರಡು ಅಲುಗು ಕೂಡುವುದಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕಿಟಕಿ ಇತ್ತು.

“ಹ್ಞೂಂ, ನಾನೇ” ಎನ್ನುವುದಕ್ಕೆ ಬಾಯಿ ತೆರೆದ. ಏನೂ ಅನ್ನದೆ ಕತ್ತರಿ ಕೆಳಗಿಟ್ಟು ಮನೆಗೆ ಬಂದ.

ಶುಕ್ರವಾರ ರಾತ್ರಿ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಮೂಲೆಯಲ್ಲಿ ಕಟ್ಟಿದ ಪೆಟ್ಟಿಗೆ. ಅದನ್ನು ನೋಡಿಯೂ ನೋಡದವರಂತೆ ಎಲ್ಲರೂ ಬೇಳೆ, ಅನ್ನ ಕಲಸುತ್ತಿದ್ದರು. ಸಾಣೆಯವ ಗಂಟಲು ಸರಿಮಾಡಿಕೊಂಡ.

“ಕುಕ್ಕರಿನ ದುಡ್ಡು ನಾನು ಕೊಟ್ಟಿದ್ದು. ಬೂಟಿಗೂ ನಾನೇ. ಯಾರಿಗೂ ಹೇಳಬೇಡ ಅಂದಿದ್ದೆ. ಮುಗೀತು, ಊಟ ಮಾಡಿ.”

“ನೀವಾ?” ಕೊಸರಮ್ಮ ಹುಬ್ಬೇರಿಸಿದಳು. “ನಿಮ್ಮ ಜೇಬು ನನಗೆ ಗೊತ್ತಿಲ್ವಾ? ಅದರ ತೂತು ಹೊಲಿಯೋಳು ನಾನು.”

“ನಿನಗೆ ಗೊತ್ತಿಲ್ಲದ ಜೇಬು ಇನ್ನೊಂದಿದೆ.”

ಮಗನ ಮುಖದ ಬಿಗಿ ಸಡಿಲವಾಗತೊಡಗಿತು. ಇನ್ನೊಂದು ತುತ್ತಿಗೆ ಎಲ್ಲವೂ ಸರಿಹೋಗುತ್ತಿತ್ತು. ಅಷ್ಟರಲ್ಲಿ ಸೊಸೆ ತಲೆ ಎತ್ತಿದಳು.

“ಇಲ್ಲ ಮಾವ. ನೀವು ಕೊಟ್ಟಿಲ್ಲ.”

“ಸುಮ್ಮನಿರಮ್ಮ, ನಾನು ಹೇಳ್ತಿದ್ದೀನಲ್ಲ.”

“ಈ ಮನೇಲಿ ನಾನು ಹೇಳಿದ ಸುಳ್ಳೇ ಸಾಕಾಗಿದೆ, ನಿಮ್ಮದೊಂದು ಬೇಡ.” ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ನೀವು ಕೊಟ್ರಿ ಅಂದುಬಿಟ್ರೆ ನಾನು ಕೂತು ತುಳಿದಿದ್ದೆಲ್ಲ ಪುಕ್ಕಟೆ ಆಗೋಗುತ್ತೆ.”

ಸಾಣೆಯವ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಸೊಸೆಯನ್ನು ಉಳಿಸಲು ಹೋಗಿ ಅವಳ ದುಡಿಮೆಯನ್ನು ಬಾಯಿಮಾತಿನಲ್ಲಿ ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದೆನಲ್ಲ ಎಂದು ಆಗ ಹೊಳೆಯಿತು.

ಅವಳು ಎದ್ದು ಒಳಗೆ ಹೋಗಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ದೊಡ್ಡ ದರ್ಜಿ ಕತ್ತರಿ ತಂದು ಗಂಡನ ತಟ್ಟೆಯ ಪಕ್ಕ ಇಟ್ಟಳು. “ಇದು ನಾಳೆ ಓಣಿಗೆ ಕೊಡಬೇಕಾಗಿದ್ದು. ನೀವೆಲ್ಲ ಹೋದ ಮೇಲೆ ಹಿತ್ತಿಲಲ್ಲಿ ಕೂತು ಹಿಡೀತೀನಿ. ಕತ್ತರಿಸಿ ನೋಡಿ.”

ಕಂಡಕ್ಟರ್ ಕತ್ತರಿ ಎತ್ತಿಕೊಂಡ. ಏನು ಕತ್ತರಿಸುವುದೆಂದು ತಿಳಿಯದೆ ಮೇಜಿನ ಬಟ್ಟೆಯ ಅಂಚಿಗೆ ಇಟ್ಟ. ಒತ್ತಿದ್ದೇ ತಡ, ಸೋಪಿನ ಹೆಂಗಸಿನ ಮೊಣಕೈವರೆಗೂ ಸರ್‍ರನೆ ಹೋಯಿತು.

“ಅಯ್ಯೋ, ಬಟ್ಟೆ!” ಕೊಸರಮ್ಮ ಕೂಗಿದಳು.

“ಪುಕ್ಕಟೆ ಬಂದಿದ್ದೇ ಅಲ್ವಾ, ಅಜ್ಜಿ” ಎಂದಿತು ಗುಬ್ಬಿ.

ಯಾರೂ ನಗಲಿಲ್ಲ. ಮಗ ಕತ್ತರಿಯ ಅಲುಗನ್ನೇ ನೋಡುತ್ತಿದ್ದ. “ನನಗಾದ್ರೂ ಹೇಳಬಹುದಿತ್ತಲ್ಲ.”

“ಹೇಳಿದ್ರೆ ನಿಮ್ಮ ಮೊದಲ ಮಾತೇ ‘ಅಮ್ಮನ ಕೈಗೆ ಕೊಟ್ಟುಬಿಡು’ ಅಂತ ಇರ್ತಿತ್ತು.” ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟ. “ಚೀಲ ತಡಕಿದ್ರಲ್ಲ ಅವತ್ತು. ಟಿಕೆಟ್ ಸಿಕ್ತಾ?”

ಕಂಡಕ್ಟರ್‌ನ ತಲೆ ತಗ್ಗಿತು. ಬಸ್ಸಿನಲ್ಲಿ ಸಿಕ್ಕಿಬಿದ್ದವರೆಲ್ಲ ಹೇಗೆ ಕಾಣುತ್ತಾರೋ, ಅವನು ಹಾಗೆ ಕಂಡ.

“ಮತ್ತೆ ಪುಕ್ಕಟೆ ಅಂತ ಯಾಕೆ ಹೇಳಿದ್ದು?” ಕೊಸರಮ್ಮನಿಗೆ ಇನ್ನೂ ಅದೇ ಯೋಚನೆ. “ಕೊಂಡೆ ಅಂದಿದ್ರೆ ನಾನೇನು ನುಂಗಿಬಿಡ್ತಿದ್ನಾ?”

“ಅತ್ತೆ, ಗುಬ್ಬಿ ಬೆರಳು ಮಡಚಿಕೊಂಡು ನಡೀತಿತ್ತು. ಕೊಂಡೆ ಅಂದಿದ್ರೆ ಬೂಟು ಹರಿಯೋ ತನಕ ಮಾತು ಕೇಳಬೇಕಿತ್ತು. ಪುಕ್ಕಟೆ ಅಂದ್ರೆ ಈ ಮನೇಲಿ ಯಾರೂ ಯಾಕೆ ಅಂತ ಕೇಳಲ್ಲ. ನಿಮಗೂ ಖುಷಿ ಆಗ್ತಿತ್ತು.”

ಕೊಸರಮ್ಮನ ಕಣ್ಣು ಗೋಡೆಗೂಡಿನ ಕಡೆ ಹೋಯಿತು. ಅಲ್ಲಿ ಕುಕ್ಕರು ತಣ್ಣಗೆ ಹೊಳೆಯುತ್ತಿತ್ತು. ಆಕೆ ಎದ್ದು ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿದಳು, ತಿರುಗಿಸಿ ತಿರುಗಿಸಿ ನೋಡಿದಳು, ಆಪ್ತರೊಬ್ಬರು ಮೋಸ ಮಾಡಿದಂತೆ.

“ಹಂಗಾದ್ರೆ ಇದು ಕೊಂಡಿದ್ದು.”

“ಹ್ಞೂಂ ಅತ್ತೆ.”

“ಕೊಂಡಿದ್ದನ್ನ ಇಲ್ಲಿ ಯಾಕೆ ಕೂರಿಸಿದ್ದೀರಾ? ದುಡ್ಡು ಕೊಟ್ಟು ತಂದಿದ್ದು ದುಡೀಬೇಕು.” ಕುಕ್ಕರನ್ನು ತಂದು ಸೊಸೆಯ ಕೈಗೆ ಹಾಕಿದಳು. “ಎಷ್ಟು ಹೇಳಿದ ಅವನು? ನೀನು ಎಷ್ಟಕ್ಕೆ ಕೇಳಿದೆ? ಇರಲಿ. ಇನ್ನು ಮೇಲೆ ಆ ಕತ್ತರಿ ದುಡ್ಡು ನನ್ನ ಕೈಗೆ...”

“ಅಮ್ಮ” ಎಂದ ಮಗ. ಬಸ್ಸು ನಿಲ್ಲಿಸುವ ದನಿಯಲ್ಲಿ. “ಅದು ಅವಳದು.”

“ಕಲ್ಲು ಯಾರದು ಹಂಗಾದ್ರೆ?”

“ಕಲ್ಲು ನನ್ನದು” ಎಂದ ಸಾಣೆಯವ. “ಆ ಮಾತು ನಾನು ಆಡ್ತೀನಿ.” ಸೊಸೆಯ ಕಡೆ ತಿರುಗಿದ. ಆಡಬೇಕಾದ ಮಾತು ಬಹಳವಿತ್ತು, ಬಂದದ್ದು ಇಷ್ಟೇ: “ಅವತ್ತು ಕಲ್ಲು ನಗುತ್ತೆ ಅಂದಿದ್ದೆ. ಕಲ್ಲು ನಗಲಿಲ್ಲ.”

ಸೊಸೆ ಅವನನ್ನೇ ಒಂದು ಕ್ಷಣ ನೋಡಿದಳು. ನಂಬಬಹುದೋ ಬಾರದೋ ಎಂದು ತೂಗಿ ನೋಡುವವಳ ಹಾಗೆ. “ಎಡ ಅಂಚು ತಗ್ಗಾಗಿದೆ ಮಾವ. ಹೊಸ ಕಲ್ಲು ನಾನು ತರ್ತೀನಿ” ಎಂದಳು. ಆಮೇಲೆ ಮೂಲೆಗೆ ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚಿ, ಮೇಲಿದ್ದ ಗುಬ್ಬಿಯ ಶಾಲೆಯ ಬಟ್ಟೆಯನ್ನಷ್ಟೇ ಹೊರಗೆ ತೆಗೆದಳು. ಉಳಿದದ್ದು ಪೆಟ್ಟಿಗೆಯಲ್ಲೇ ಇತ್ತು. ಅದು ಪೂರ್ತಿ ಖಾಲಿಯಾಗಲು ಇನ್ನೂ ಎರಡು ವಾರ ಹಿಡಿಯಿತು, ಕಂಡಕ್ಟರ್ ಮತ್ತೆ ಕಥೆ ಇಳಿಸಲು ಶುರುಮಾಡಿದ ಮೇಲೆ.

ಹೊಸ ಕಲ್ಲು ಬಂತು. ಅದರ ಬೆಲೆಯ ವಿಚಾರಣೆಯೂ ನಡೆಯಿತು, ಕುಕ್ಕರಿನ ಸೀಟಿಯ ನಡುವೆ. ದರ್ಜಿಗಳ ಓಣಿಗೆ ಸಾಣೆಯವನೇ ಹೋಗಿ, ಪಳಗಿದ್ದು ತನ್ನ ಕೈಯಲ್ಲವೆಂದು ಹೇಳಿ ಬಂದ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಈಗ ಸೊಸೆ ಕದ್ದುಮುಚ್ಚಿ ಕೂರುತ್ತಿರಲಿಲ್ಲ. ಹಿತ್ತಿಲ ಬಾಗಿಲು ತೆರೆದೇ ಇರುತ್ತಿತ್ತು. ಓಣಿಯವರಲ್ಲದೆ ಅಕ್ಕಪಕ್ಕದ ಹೆಂಗಸರೂ ಚಾಕು, ತುರಿಯುವ ಮಣೆ ಹಿಡಿದು ಬರುತ್ತಿದ್ದರು.

ಒಂದು ಬೆಳಿಗ್ಗೆ ಕೊಸರಮ್ಮ ತರಕಾರಿ ಹೆಚ್ಚುವ ಚಾಕು ಹಿಡಿದು ಹಿತ್ತಿಲಿಗೆ ಬಂದಳು. ಸಾಣೆಯವ ಗಾಡಿಯ ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದವನು ಕೈ ನಿಲ್ಲಿಸಿದ.

“ಇದನ್ನೊಂದು ಹಿಡಿದು ಕೊಡು. ಮನೆಯೋರಿಗೂ ದುಡ್ಡೋ?”

ಸೊಸೆ ಎಡಗೈ ಚಾಚಿ ಚಾಕು ತೆಗೆದುಕೊಂಡಳು. ಕಲ್ಲು ತಿರುಗಿತು, ನೀರು ತೊಟ್ಟಿಕ್ಕಿತು, ಕಿಡಿ ಹಾರಿತು. ಬಟ್ಟೆಯಲ್ಲಿ ಒರೆಸಿ, ಹಿಡಿ ಮುಂದೆ ಮಾಡಿ ಅತ್ತೆಗೆ ಕೊಟ್ಟಳು.

“ಮೊದಲನೇದು ಪುಕ್ಕಟೆ, ಅತ್ತೆ.”

ಕೊಸರಮ್ಮ ಕೈ ಚಾಚಿದವಳು ಅರ್ಧದಲ್ಲೇ ತಡೆದಳು. ಹೊಳೆಯುವ ಅಲುಗನ್ನು ನೋಡಿದಳು. ಅಡುಗೆಮನೆಯಲ್ಲಿ ತೂಗುಹಾಕಿದ್ದ ಉಳಿದ ಚಾಕುಗಳನ್ನು ಕಿಟಕಿಯಿಂದಲೇ ಇಣುಕಿ ನೋಡಿದಳು. ಗಂಡ ಎಣ್ಣೆಡಬ್ಬಿಯ ಹಿಂದೆ ನಗು ಮುಚ್ಚಿಕೊಳ್ಳುತ್ತಿದ್ದುದನ್ನೂ ನೋಡಿದಳು. ಆಮೇಲೆ ಕಣ್ಣು ಕಿರಿದು ಮಾಡಿ ಸೊಸೆಯ ಇನ್ನೊಂದು ಕೈಯ ಕಡೆ ದಿಟ್ಟಿಸಿದಳು.

“ಎರಡನೇದಕ್ಕೆ ಎಷ್ಟು?” ಎಂದಳು.